ತಾಲ್ಲೂಕು ಕಚೇರಿಯ ಬಂಧುಗಳಿಗೊಂದು ಓಲೆ

ನಾಡಿನ ಸಮಸ್ತ ತಾಲ್ಲೂಕು ಕಚೇರಿಗಳಲ್ಲಿ ಸೇವೆ ಸಲ್ಲಿಸುತ್ತಿರುವ ತಹಶೀಲ್ದಾರ ಮಹಾಶಯರಿಗೂ, ಶಿರಸ್ತೇದಾರರಿಗೂ, ಗುಮಾಸ್ತ ಮಿತ್ರರಿಗೂ, ಜವಾನ ಬಂಧುಗಳಿಗೂ ನಿವೃತ್ತ ಉಪಾಧ್ಯಾಯನೊಬ್ಬನು ಮಾಡುವ ಸವಿನಯ ವಂದನೆಗಳು.

ಕಳೆದ ನಾಲ್ಕು ತಿಂಗಳುಗಳಲ್ಲಿ ಹನ್ನೊಂದು ಸಲ ನಾನು ನಿಮ್ಮ ಕಚೇರಿಗಳಲ್ಲೊಂದರ ಪಡಸಾಲೆಯಲ್ಲಿ, ಒಂದು ಕಾಲು ಮುರಿದು ಅದರ ಸ್ಥಾನದಲ್ಲಿ ಮೂರು ಇಟ್ಟಿಗೆಗಳನ್ನು ಪಡೆದಿರುವ ಬೆಂಚಿನ ಮೇಲೆ, ಬೆಳಗಿನ ಹತ್ತೂವರೆಯಿಂದ ಮಧ್ಯಾಹ್ನದ ಊಟದ ಹೊತ್ತಿನವರೆಗೂ, ಒಮ್ಮೊಮ್ಮೆ ಅದರಾಚೆಗೂ ಕುಳಿತು ಬಂದಿದ್ದೇನೆ. ಆ ಕಚೇರಿ ಯಾವ ಊರಿನದೆಂಬುದನ್ನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಉಳಿದ ಊರುಗಳವರು ಇದು ತಮಗೆ ಬರೆದುದಲ್ಲವೆಂದು ನೆಮ್ಮದಿಯಿಂದ ಪುಟವನ್ನು ಮಗುಚಿಬಿಟ್ಟಾರು. ನನಗೆ ಬೇಕಾಗಿದ್ದುದು ನನ್ನ ತಂದೆಯವರ ಹೆಸರಿನಲ್ಲಿದ್ದ ಎರಡೆಕರೆ ಖುಷ್ಕಿ ಜಮೀನಿನ ಕೈಬರಹದ ಪಹಣಿಯ ಒಂದು ದೃಢೀಕೃತ ನಕಲು. ಮೊದಲ ಸಲ ಹೋದಾಗ ವಿಷಯ ನಿರ್ವಾಹಕರು ರಜೆಯಲ್ಲಿದ್ದರು. ಅವರು ಬಂದಾಗ ಸರ್ವರ್ ಮಲಗಿತ್ತು. ಸರ್ವರ್ ಎದ್ದಾಗ ದಾಖಲೆ ಕೊಠಡಿಯ ಬೀಗದ ಕೈಯನ್ನು ಇಟ್ಟುಕೊಂಡಿದ್ದವರು ಚುನಾವಣೆಯ ಕೆಲಸಕ್ಕೆ ಹೋಗಿದ್ದರು.

ಆದರೆ ದೂರು ಹೇಳುವುದಕ್ಕಾಗಿ ನಾನು ಈ ಓಲೆಯನ್ನು ಬರೆಯುತ್ತಿಲ್ಲ. ಮೂವತ್ತೇಳು ವರ್ಷಗಳ ಕಾಲ ಮಕ್ಕಳಿಗೆ ಕನ್ನಡವನ್ನು ಹೇಳಿಕೊಟ್ಟವನಿಗೆ, ಎದುರಿನ ಗೋಡೆಯ ಮೇಲೆ ಅಕ್ಷರಗಳೆಂಬುವು ಇದ್ದರೆ, ಹೊತ್ತು ಕಳೆಯುವುದು ಕಷ್ಟವಲ್ಲ. ನಿಮ್ಮ ಗೋಡೆಗಳ ಮೇಲೆ ಅಕ್ಷರಗಳಿಗೆ ಅಭಾವವೂ ಇಲ್ಲ. ಬಾಗಿಲಿಗೊಂದು ಹಲಗೆ, ಮೇಜಿಗೊಂದು ಫಲಕ, ಅವುಗಳ ಮೇಲೆ ಹುದ್ದೆಗಳ ಹೆಸರು, ಶಾಖೆಗಳ ಹೆಸರು. ದಿನವೂ ಇವುಗಳ ಕೆಳಗೆ ನುಸುಳಿ ಒಳಗೆ ಹೋಗುವ ನೀವು ಇವನ್ನು ಓದುವುದನ್ನು ಎಂದೋ ಬಿಟ್ಟಿರುತ್ತೀರಿ; ತಮ್ಮ ಮನೆಯ ಬಾಗಿಲಿನ ಹೆಸರನ್ನು ಯಾರೂ ಓದುವುದಿಲ್ಲವಷ್ಟೆ. ಹನ್ನೊಂದು ದಿನ ನಿಮ್ಮ ಪರವಾಗಿ ನಾನು ಓದಿದೆ. ಓದಿದ್ದನ್ನು ನಿಮಗೆ ಒಪ್ಪಿಸುವುದು ನ್ಯಾಯವೆಂದು ತೋರಿದುದರಿಂದ ಬರೆಯುತ್ತಿದ್ದೇನೆ.

ಹೆಬ್ಬಾಗಿಲಿನಿಂದಲೇ ಪ್ರಾರಂಭಿಸೋಣ. ‘ತಾಲ್ಲೂಕು’ ಎಂಬುದು ಅರಬ್ಬೀ ಭಾಷೆಯ ‘ತಅಲ್ಲುಕ್’. ಅದರ ಅರ್ಥ ಸಂಬಂಧ, ನಂಟು, ಒಂದನ್ನೊಂದು ಆತುಕೊಂಡಿರುವಿಕೆ. ಉರ್ದು ಆಡುವ ಮನೆಗಳಲ್ಲಿ ಇಬ್ಬರು ಮನುಷ್ಯರ ನಡುವಣ ಬಾಂಧವ್ಯಕ್ಕೆ ಇಂದಿಗೂ ಸಲ್ಲುವ ಶಬ್ದ ಅದು. ಒಂದು ಕೇಂದ್ರಕ್ಕೆ ಸಂಬಂಧಪಟ್ಟ ಹಳ್ಳಿಗಳ ಸಮೂಹವೆಂಬ ಅರ್ಥದಲ್ಲಿ ಅದು ಕಂದಾಯದ ಲೆಕ್ಕಕ್ಕೆ ಸೇರಿ, ಕ್ರಮೇಣ ಸಂಬಂಧವನ್ನು ಮರೆತು ಗಡಿಯನ್ನು ಮಾತ್ರ ನೆನಪಿನಲ್ಲಿಟ್ಟುಕೊಂಡಿತು. ಅದಕ್ಕಿಂತ ದೊಡ್ಡದಾದ ‘ಜಿಲ್ಲೆ’ಯ ವೃತ್ತಾಂತ ಇನ್ನೂ ಸ್ವಾರಸ್ಯವಾದುದು. ಅದು ಕೂಡ ಅರಬ್ಬಿಯದೇ. ಅಲ್ಲಿ ಅದರ ಮೂಲಾರ್ಥ ಪಕ್ಕೆಲುಬು. ಪಕ್ಕೆಲುಬು ಪಕ್ಕೆಯಾಗಿ, ಪಕ್ಕೆ ಪಾರ್ಶ್ವವಾಗಿ, ಪಾರ್ಶ್ವವು ರಾಜ್ಯದ ಒಂದು ಮಗ್ಗುಲಾಗಿ ಕೊನೆಗೆ ಜಿಲ್ಲಾಧಿಕಾರಿಗಳ ಅಧೀನಕ್ಕೆ ಬಂದಿತು. ದೇಶವೆಂಬುದು ಒಂದು ದೇಹ, ಅದರ ಎದೆಗೂಡನ್ನು ಕಾಯುವ ಎಲುಬುಗಳು ಜಿಲ್ಲೆಗಳು ಎಂದು ಯಾವ ಕವಿಯೂ ಬೇಕೆಂದು ಕಟ್ಟಲಿಲ್ಲ. ಆದರೂ ಆ ರೂಪಕ ನಿಮ್ಮ ಪ್ರತಿಯೊಂದು ಕಾಗದದ ತಲೆಯ ಮೇಲೆ ಅಚ್ಚಾಗಿರುತ್ತದೆ.

ಇನ್ನು ‘ತಹಶೀಲ್ದಾರ್’. ‘ತಹಸೀಲ್’ ಎಂದರೆ ಪಡೆಯುವುದು, ಕೂಡಿಸುವುದು, ವಸೂಲು ಮಾಡುವುದು. ‘ದಾರ್’ ಎಂಬುದು ಹೊಂದಿರುವವನೆಂದು ಸೂಚಿಸುವ ಪಾರಸಿಯ ಪ್ರತ್ಯಯ. ಹಣವನ್ನು ಕೂಡಿಸುವುದಕ್ಕೆ ಸಂದ ಈ ಶಬ್ದವೇ ಪಾರಸೀಕರಲ್ಲಿ ವಿದ್ಯೆಯನ್ನು ಕೂಡಿಸುವುದಕ್ಕೂ ಸಲ್ಲುತ್ತದೆ. ಇರಾನಿನಲ್ಲಿ ಇಂದು ‘ತಹಸೀಲ್’ ಎಂದರೆ ವಿದ್ಯಾಭ್ಯಾಸ. ಆ ದೇಶದಲ್ಲಿ ಯಾರಾದರೂ ನಿಮ್ಮ ತಹಸೀಲು ಎಷ್ಟೆಂದು ಕೇಳಿದರೆ ಹೋಬಳಿವಾರು ಕಂದಾಯದ ಮೊತ್ತವನ್ನು ಹೇಳತಕ್ಕದ್ದಲ್ಲ, ಓದಿದ ತರಗತಿಯನ್ನು ಹೇಳತಕ್ಕದ್ದು. ಹಳೆಯ ಮೈಸೂರಿನಲ್ಲಿ ಇದೇ ಅಧಿಕಾರಿಯನ್ನು ‘ಅಮಲ್ದಾರ’ನೆನ್ನುತ್ತಿದ್ದರು. ನಮ್ಮ ಅಜ್ಜನ ಬಾಯಲ್ಲಿ ಆ ಶಬ್ದವನ್ನು ನಾನು ಕೇಳಿದ್ದೇನೆ. ಅಮಲ್ದಾರರ ಸವಾರಿ ಬರುತ್ತದೆಂದರೆ ಊರಿನ ಕೋಳಿಗಳೂ ಎಚ್ಚರಗೊಳ್ಳುತ್ತಿದ್ದುವಂತೆ. ‘ಅಮಲ್’ ಎಂದರೆ ಅರಬ್ಬಿಯಲ್ಲಿ ಕೆಲಸ, ಕ್ರಿಯೆ. ಕೆಲಸದಿಂದ ಅದು ಅಧಿಕಾರವಾಯಿತು, ಅಧಿಕಾರದಿಂದ ಆಳ್ವಿಕೆಯ ಕಾಲವಾಯಿತು, ಅಲ್ಲಿಂದ ಮುಂದೆ ಕನ್ನಡಕ್ಕೆ ಬರುವಷ್ಟರಲ್ಲಿ ಹೆಂಡ ಅಫೀಮುಗಳಿಂದ ತಲೆಗೇರುವ ಮತ್ತೂ ಆಯಿತು. ಒಂದೇ ಶಬ್ದ ಕಾಯಕವನ್ನೂ ಕೈಫನ್ನೂ ಹೇಳುವಂತಾದುದು ಹೇಗೆಂಬುದನ್ನು ವಿವರಿಸುವ ಆವಶ್ಯಕತೆ ನಿಮ್ಮ ಬೆಂಚಿನ ಮೇಲೆ ಕುಳಿತವನಿಗೆ ಇಲ್ಲ.

ಅಂದಿನ ಅಮಲ್ದಾರರ ಚಿತ್ರಗಳಲ್ಲಿ ತಲೆಯ ಮೇಲೆ ಕಾಣಿಸುವ ರುಮಾಲಿನ ಸಂಗತಿಯನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಪಾರಸಿಯ ‘ರೂ’ ಎಂದರೆ ಮುಖ, ‘ಮಾಲ್’ ಎಂದರೆ ಒರಸುವುದು. ಮುಖವನ್ನೊರಸುವ ಚೌಕವೇ ರುಮಾಲು. ಉತ್ತರದಲ್ಲಿ ಅದು ಜೇಬಿನೊಳಗೇ ಉಳಿಯಿತು. ಕನ್ನಡ ನಾಡಿಗೆ ಬಂದು ಮೊಳಗಟ್ಟಲೆ ಬೆಳೆದು, ಜರಿಯ ಅಂಚನ್ನು ಪಡೆದು, ತಲೆಯನ್ನೇರಿತು. ವಸ್ತ್ರಗಳಲ್ಲಿ ಇಷ್ಟು ಬಡ್ತಿಯನ್ನು ಪಡೆದುದು ಮತ್ತೊಂದಿರಲಾರದು.

‘ಶಿರಸ್ತೇದಾರ್’ ಎಂಬ ಫಲಕದ ಮುಂದೆ ನಾನು ಕಳೆದ ಹೊತ್ತು ಅತ್ಯಧಿಕವಾದುದರಿಂದ ಅದರ ಬಗೆಗೆ ಕೊಂಚ ವಿಸ್ತಾರವಾಗಿಯೇ ಹೇಳಬೇಕು. ಕನ್ನಡ ಕಿವಿಗೆ ಅದರಲ್ಲಿ ‘ಶಿರಸ್ಸು’ ಕೇಳಿಸುತ್ತದೆ. ಕಿವಿಯನ್ನು ನಂಬಿ ಶಬ್ದಗಳ ಕುಲವನ್ನು ಹೇಳತೊಡಗುವುದು ಅಪಾಯದ ಮಾರ್ಗ. ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೇಯಿಸಿದ ಕಾಳನ್ನು ಕೊಟ್ಟಳೆಂದೂ, ಅದರಿಂದ ಆ ಸ್ಥಳ ‘ಬೆಂದಕಾಳೂರು’ ಆಗಿ ಬೆಂಗಳೂರಾಯಿತೆಂದೂ ನಾನೇ ಎಷ್ಟೋ ವರ್ಷ ಮಕ್ಕಳಿಗೆ ಹೇಳಿದ್ದುಂಟು. ಇಮ್ಮಡಿ ಬಲ್ಲಾಳನು ಆಳಿದ್ದು 1173ರಿಂದ 1220ರವರೆಗೆ. ಬೇಗೂರಿನ ದೇವಾಲಯದಲ್ಲಿ ದೊರೆತ ಗಂಗರ ಕಾಲದ, ಸುಮಾರು 890ರ ವೀರಗಲ್ಲೊಂದು ಬೆಂಗಳೂರಿನಲ್ಲಿ ನಡೆದ ಕಾಳಗವನ್ನು ಆ ಊರಿನ ಹೆಸರು ಹಿಡಿದೇ ಹೇಳುತ್ತದೆ. ಅರಸನಿಗೆ ಹಸಿವಾಗುವುದಕ್ಕೆ ಸುಮಾರು ಮುನ್ನೂರು ವರ್ಷ ಮೊದಲೇ ಕಾಳು ಬೆಂದಿರುವುದು ಹೇಗೆ ಸಾಧ್ಯ? ಆ ಕಲ್ಲಿನ ಸಂಗತಿಯನ್ನು ಓದಿದ ದಿನ ನನಗಾದ ನಾಚಿಕೆ ಸಣ್ಣದಲ್ಲ. ಅಂದಿನಿಂದ ರುಚಿಯಾದ ಕಥೆ ಕಂಡಲ್ಲೆಲ್ಲ ಮೊದಲು ಅದರ ವಯಸ್ಸನ್ನು ವಿಚಾರಿಸುತ್ತೇನೆ.

ಶಿರಸ್ತೇದಾರನ ವಿಷಯದಲ್ಲಿ ಮಾತ್ರ ಕಿವಿ ಪೂರ್ತಿ ತಪ್ಪಿಲ್ಲ. ಮೂಲ ಶಬ್ದ ಪಾರಸಿಯ ‘ಸರ್‌ರಿಶ್ತಾದಾರ್’. ‘ರಿಶ್ತಾ’ ಎಂದರೆ ನೂಲು, ಎಳೆ. ‘ಸರ್’ ಎಂದರೆ ತಲೆ. ಈ ‘ಸರ್’ ನಮ್ಮ ಸಂಸ್ಕೃತದ ‘ಶಿರಸ್’ನ ಒಡಹುಟ್ಟು, ಬಹು ಪ್ರಾಚೀನ ಕಾಲದಲ್ಲಿ ಒಂದೇ ಮನೆಯಿಂದ ಬೇರೆಯಾಗಿ ಹೋದ ಸೋದರಿಯರು ಅವು. ‘ಸರ್ಕಾರ’ವೆಂಬುದನ್ನು ಬಿಡಿಸಿದರೂ ಇದೇ ತಲೆ ಸಿಕ್ಕುತ್ತದೆ; ಅದರ ‘ಕಾರ್’ ಎಂಬುದಕ್ಕೆ ಕೆಲಸವೆಂದು ಅರ್ಥ, ನಮ್ಮ ‘ಕಾರ್ಯ’ಕ್ಕೆ ಅದು ದಾಯಾದಿ. ಪರಭಾಷೆಯದೆಂದು ನಾವು ದೂರವಿಟ್ಟ ಶಬ್ದ ಒಳಗಿನಿಂದ ನೋಡಿದರೆ ಶಿರಃಕಾರ್ಯವೇ ಆಗಿ ಕುಳಿತಿದೆ. ಶಿರಸ್ತೇದಾರನೆಂದರೆ ಎಳೆಯ ತುದಿಯನ್ನು ಕೈಯಲ್ಲಿ ಹಿಡಿದವನು. ಸಿಕ್ಕುಬಿದ್ದ ನೂಲಿನ ಉಂಡೆಯಲ್ಲಿ ತುದಿ ಎಲ್ಲಿದೆ ಎಂದು ಬಲ್ಲವನೊಬ್ಬನು ಇರಬೇಕಲ್ಲವೆ? ದಾಖಲೆಗಳ ಗೋಜಲಿನಲ್ಲಿ ಆ ತುದಿಯನ್ನು ಕಾಯುವ ಕೆಲಸ ಅವನದು. ‘ರಿಶ್ತಾ’ವೂ ಮುಂದೆ ಉರ್ದುವಿನಲ್ಲಿ ಸಂಬಂಧ, ಬೀಗತನ ಎಂಬ ಅರ್ಥವನ್ನೇ ಪಡೆಯಿತು. ಹೊರಗಿನ ಹಲಗೆಯಲ್ಲಿ ತಾಲ್ಲೂಕೆಂಬ ನಂಟು, ಒಳಗಿನ ಫಲಕದಲ್ಲಿ ರಿಶ್ತಾ ಎಂಬ ನಂಟು. ಎರಡರ ನಡುವೆ ಇಟ್ಟಿಗೆಯ ಕಾಲಿನ ಬೆಂಚು.

ಆ ಎಳೆಯನ್ನು ಹಿಡಿದು ಒಳಗೆ ಹೋದರೆ ಸಿಕ್ಕುವುದು ದಫ್ತರು ಮತ್ತು ಕಡತ. ಕೆಂಪು ಬಟ್ಟೆಯಲ್ಲಿ ಕಟ್ಟಿ ಮಾಡಿನವರೆಗೆ ಪೇರಿಸಿದ ದಫ್ತರುಗಳನ್ನು ಕಿಟಕಿಯ ಸರಳುಗಳ ಸಂದಿನಿಂದ ನೋಡಿದ್ದೇನೆ. ಈ ಶಬ್ದ ಹೊರಟದ್ದು ಗ್ರೀಸ್ ದೇಶದಿಂದ. ಗ್ರೀಕರ ‘ಡಿಫ್ಥೆರಾ’ ಎಂದರೆ ಹದಮಾಡಿದ ಪ್ರಾಣಿಯ ಚರ್ಮ; ಬರೆಯುವುದಕ್ಕೆ ಚರ್ಮವೇ ಸಾಧನವಾಗಿದ್ದ ಕಾಲದ ಆ ಶಬ್ದ ಪಶ್ಚಿಮ ಏಷ್ಯದ ಭಾಷೆಗಳಲ್ಲಿ ಹಾದು, ಪಾರಸಿಯಲ್ಲಿ ‘ದಫ್ತರ್’ ಆಗಿ, ಸೈನ್ಯದ ಹಿಂದೆ ಬರುವ ಲೆಕ್ಕಿಗರ ಪೆಟ್ಟಿಗೆಗಳಲ್ಲಿ ದಕ್ಷಿಣಕ್ಕೆ ಬಂದಿತು. ಅತ್ತ 1826ರಲ್ಲಿ ಫ್ರಾನ್ಸಿನ ವೈದ್ಯ ಬ್ರೆತೊನೊ, ಮಕ್ಕಳ ಗಂಟಲಿನಲ್ಲಿ ಚರ್ಮದಂಥ ಪೊರೆ ಬೆಳೆದು ಉಸಿರುಗಟ್ಟಿಸುವ ವ್ಯಾಧಿಗೆ ಅದೇ ಗ್ರೀಕ್ ಚರ್ಮದಿಂದ ಹೆಸರಿಟ್ಟನು. ಅದೇ ಡಿಫ್ತೀರಿಯಾ, ನಮ್ಮ ಗಂಟಲಮಾರಿ. ದಫ್ತರಕ್ಕೂ ಗಂಟಲಮಾರಿಗೂ ಮೂಲ ಒಂದೇ ಎಂದು ಹೇಳಿದರೆ ಕೊಂಕು ನುಡಿದನೆಂದು ತಿಳಿಯಬೇಡಿ. ಅದು ನಿಘಂಟಿನ ಮಾತು.

ಕಡತವಾದರೋ ಅಪ್ಪಟ ನಮ್ಮ ನೆಲದ್ದು. ಇಂದು ನೀವು ಕಡತವೆನ್ನುವುದು ದಾರ ಕಟ್ಟಿದ ರಟ್ಟಿನ ನಡುವಣ ಕಾಗದಗಳನ್ನು. ನಿಮ್ಮ ಗಣಕಯಂತ್ರದೊಳಗೂ ಈಗ ಕಡತಗಳಿವೆ. ಪೂರ್ವದ ಕಡತ ಬಟ್ಟೆಯ ಪುಸ್ತಕ. ಒರಟು ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಕಲಸಿ ಬಳಿದು, ಒಣಗಿಸಿ, ಕಪ್ಪು ಹಲಗೆಯಂತಾದ ಮೇಲೆ ಅದನ್ನು ಹಿಂದಕ್ಕೂ ಮುಂದಕ್ಕೂ ಮಡಿಕೆ ಮಡಿಕೆಯಾಗಿ ಮಡಿಸಿ ಇಡುತ್ತಿದ್ದರು. ಶಾನುಭೋಗನು ಅದರ ಮೇಲೆ ಬಳಪದಿಂದ ಬಿಳಿಯ ಅಕ್ಷರಗಳನ್ನು ಬರೆಯುತ್ತಿದ್ದನು. ಬೇಕಾದರೆ ಅಳಿಸಿ ಮತ್ತೆ ಬರೆಯಬಹುದಾಗಿತ್ತು. ಈ ಸೌಕರ್ಯ ಶಾನುಭೋಗನಿಗೆ ಅನುಕೂಲವಾದಷ್ಟು ಒಕ್ಕಲಿಗನಿಗೆ ಅನುಕೂಲವಾಗಿತ್ತೆಂದು ಹೇಳಲಾರೆ. ಶೃಂಗೇರಿಯ ಮಠದಲ್ಲಿ ಅಂತಹ ಕಡತಗಳ ದೊಡ್ಡ ಸಂಗ್ರಹವೇ ಇದೆ.

ಬಳಪದ ಮಾತು ಬಂದುದರಿಂದ ನನ್ನ ಸ್ವಂತ ಕಸುಬಿನ ಕಡೆಗೆ ಸ್ವಲ್ಪ ಹೊರಳಲು ಅಪ್ಪಣೆಯಾಗಬೇಕು. ಊರಿನವರು ನನ್ನನ್ನು ಕರೆಯುತ್ತಿದ್ದುದು, ಈಗಲೂ ಕರೆಯುವುದು, ‘ಮೇಷ್ಟ್ರು’ ಎಂದು. ಇದು ಇಂಗ್ಲಿಷಿನ ಮಾಸ್ಟರ್ ಎಂಬುದು ನಿಮಗೆಲ್ಲ ತಿಳಿದುದೇ. ನಮ್ಮ ಶಾಲೆಯ ಹೊಸ ಕೊಠಡಿಯನ್ನು ಕಟ್ಟುವಾಗ ಗಾರೆಯ ಆಳುಗಳ ಮೇಲೆ ಒಬ್ಬ ‘ಮೇಸ್ತ್ರಿ’ ಇದ್ದನು. ದಿನವಿಡೀ ಕೂಗಾಡುವುದರಲ್ಲಿ ನಾವಿಬ್ಬರೂ ಸಮಾನಸ್ಕಂಧರಾಗಿದ್ದೆವು. ಅವನ ಹುದ್ದೆಯ ಹೆಸರು ಬಂದುದು ಪೋರ್ಚುಗೀಸರ ‘ಮೆಸ್ತ್ರೆ’ ಎಂಬುದರಿಂದ. ಮಾಸ್ಟರ್ ಆಗಲಿ ಮೆಸ್ತ್ರೆ ಆಗಲಿ ಎರಡೂ ಲ್ಯಾಟಿನ್ನಿನ ‘ಮಜಿಸ್ಟರ್’ ಎಂಬ ಒಂದೇ ತಾಯಿಯ ಮಕ್ಕಳು. ಒಂದು ಗೋವೆಯ ಕಡಲತೀರದಿಂದ, ಇನ್ನೊಂದು ಆಂಗ್ಲರ ಶಾಲೆಯಿಂದ, ಬೇರೆ ಬೇರೆ ದಾರಿ ಹಿಡಿದು ಬಂದು ನಮ್ಮ ಶಾಲೆಯ ಅಂಗಳದಲ್ಲಿ ಪರಸ್ಪರ ಗುರುತು ಹತ್ತದೆ ಜಗಳವಾಡುತ್ತ ನಿಂತಿದ್ದುವು.

ಇದು ಕೇವಲ ಕಾಕತಾಳೀಯವೆಂದು ಸುಮ್ಮನಾಗುತ್ತಿದ್ದೆನೇನೋ, ಕನ್ನಡದಲ್ಲಿಯೂ ಇದೇ ಕಥೆ ಇನ್ನೂ ಮುಂಚೆ ನಡೆದುಹೋಗಿರದಿದ್ದರೆ. ಸಂಸ್ಕೃತದ ‘ಉಪಾಧ್ಯಾಯ’ವು ಪ್ರಾಕೃತದಲ್ಲಿ ಸವೆದು ಸವೆದು ಹಳಗನ್ನಡಕ್ಕೆ ‘ಓಜ’ ಎಂದಾಗಿ ಬಂದಿತು. ಓಜನೆಂದರೆ ಓದು ಕಲಿಸುವವನು. ಅದೇ ಓಜನೆಂದರೆ ಶಾಸನಗಳಲ್ಲಿ ಕಲ್ಲು ಲೋಹ ಮರಗಳ ಕೆಲಸದಲ್ಲಿ ಕೈಪಳಗಿದ ಆಚಾರ್ಯನೂ ಹೌದು. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಬೇಲೂರಿನ ದೇವಾಲಯದಲ್ಲಿ ಮದನಿಕೆಯರನ್ನು ಕಡೆದು ತನ್ನ ಹೆಸರನ್ನು ಕೆತ್ತಿಟ್ಟ ಬಳ್ಳಿಗಾವೆಯ ಶಿಲ್ಪಿ ದಾಸೋಜ. ದಾಸ ಎಂಬ ಓಜ. ಅವನ ಮಗ ಚಾವಣನೂ ಅಲ್ಲಿಯೇ ಕೆಲಸ ಮಾಡಿದನು. ಅವರು ಉಳಿಯಿಟ್ಟ ಮೃದುವಾದ ಆ ಶಿಲೆಯನ್ನು ನಮ್ಮ ಜನ ಕರೆಯುವುದು ಬಳಪದ ಕಲ್ಲೆಂದು. ಮಗುವಿನ ಕೈಯಲ್ಲಿಟ್ಟು ‘ಅ’ ತಿದ್ದಿಸುತ್ತಿದ್ದ ಬಳಪವೂ ಅದೇ ಜಾತಿಯ ಕಲ್ಲಿನ ಚೂರು. ಶಾನುಭೋಗನ ಕಡತದ ಮೇಲೆ ಓಡಾಡಿದ್ದೂ ಅದೇ. ಅಕ್ಷರ ತಿದ್ದಿಸುವವನೂ ಮದನಿಕೆಯನ್ನು ಕಡೆಯುವವನೂ ಒಂದೇ ಬಿರುದಿನವರು, ಒಂದೇ ಕಲ್ಲಿನವರು. ಈ ಸಂಗತಿ ನನಗೆ ತಿಳಿದದ್ದು ನಿವೃತ್ತಿಯ ವರ್ಷದಲ್ಲಿ. ಮೊದಲೇ ತಿಳಿದಿದ್ದರೆ ಆ ಮೇಸ್ತ್ರಿಯೊಡನೆ ಜಗಳವಾಡುತ್ತಿರಲಿಲ್ಲ.

ನಿಮ್ಮ ಬಾಗಿಲಲ್ಲಿ ಸ್ಟೂಲಿನ ಮೇಲೆ ಕುಳಿತು ಒಳಗಿನ ಗಂಟೆಗೆ ಕಿವಿಗೊಟ್ಟಿರುವ ಜವಾನ ಬಂಧುವಿಗೂ ಒಂದು ಮಾತು. ಪಾರಸಿಯ ‘ಜವಾನ್’ ಸಂಸ್ಕೃತದ ‘ಯುವನ್’ಗೆ ಸಹೋದರ, ಅರ್ಥ ತರುಣ. ಹನ್ನೊಂದು ದಿನವೂ ನನಗೆ ಕುಡಿಯುವ ನೀರನ್ನು ತೋರಿಸಿ, ‘ಸಾಹೇಬರು ಈಗ ಬರ್ತಾರೆ ಕೂತ್ಕೊಳ್ಳಿ ಮೇಷ್ಟ್ರೇ’ ಎಂದು ಸಮಾಧಾನ ಹೇಳಿದ ಆ ಜವಾನನಿಗೆ ನಿವೃತ್ತಿಗೆ ಐದೇ ತಿಂಗಳು ಉಳಿದಿದೆಯಂತೆ. ಅರವತ್ತು ತುಂಬುವ ಹಿಂದಿನ ದಿನದವರೆಗೂ ಸರ್ಕಾರ ಒಬ್ಬ ಮನುಷ್ಯನನ್ನು ತರುಣನೆಂದೇ ಕರೆಯುವ ಹುದ್ದೆ ಇದೊಂದೇ. ಆತನ ಆಂಗ್ಲ ನಾಮಧೇಯವಾದ ಪ್ಯೂನ್ ಎಂಬುದು ಪೋರ್ಚುಗೀಸರ ಕಾಲಾಳು. ಯೂರೋಪಿನ ಚದುರಂಗದಲ್ಲಿ ಪದಾತಿಗಿರುವ ಹೆಸರೂ ಅದೇ ಬೇರಿನದು. ಎದುರಿನ ಕೊನೆಯ ಮನೆಯನ್ನು ಮುಟ್ಟಿದ ಪದಾತಿ ಮಂತ್ರಿಯಾಗುವ ನಿಯಮ ಆ ಆಟದಲ್ಲಿದೆ. ನಿಮ್ಮ ಸೇವಾ ನಿಯಮಾವಳಿಯಲ್ಲಿ ಇದ್ದಂತೆ ಕಾಣಲಿಲ್ಲ. ಆತನು ‘ಸಾಹೇಬರು’ ಎನ್ನುತ್ತಾನಲ್ಲ, ಆ ಸಾಹೇಬ ಶಬ್ದಕ್ಕೆ ಅರಬ್ಬಿಯಲ್ಲಿ ಮೊದಲರ್ಥ ಒಡೆಯನೆಂದಲ್ಲ, ಜೊತೆಗಾರ, ಒಡನಾಡಿ.

ನನ್ನ ಅರ್ಜಿಯ ಕಡೆಗೆ ಬರುತ್ತೇನೆ. ಅರ್ಜಿಯೆಂದರೆ ಎದುರಿಗೆ ಇಡುವುದು, ಇಟ್ಟಿದ್ದೇನೆ. ‘ಸಹಿ’ ಎಂಬುದು ‘ಸಹೀಹ್’, ಅಂದರೆ ಸರಿಯಾದುದು, ಆರೋಗ್ಯವಾಗಿರುವುದು. ಕಾಗದದ ಕೆಳಗೆ ಅಧಿಕಾರಿ ಎಳೆಯುವ ಗೀಟು ‘ಇದು ಸರಿಯಾಗಿದೆ’ ಎಂಬ ಒಂದು ವಾಕ್ಯಕ್ಕೆ ಸಮ. ಅರಬ್ಬರ ‘ನಕಲ್’ಗೆ ಒಂದೆಡೆಯಿಂದ ಇನ್ನೊಂದೆಡೆಗೆ ಹೊತ್ತು ಸಾಗಿಸುವುದೆಂಬ ಅರ್ಥವೂ ಉಂಟು, ಮೂಲದಲ್ಲಿದ್ದುದನ್ನು ಬೇರೆ ಹಾಳೆಗೆ ಸಾಗಿಸುವುದರಿಂದ ಪ್ರತಿಗೆ ಆ ಹೆಸರು ನಿಂತಿತು. ನನ್ನ ಅರ್ಜಿಯ ಮಟ್ಟಿಗೆ ಸಾಗಾಟ ಸಾಂಗವಾಗಿ ನಡೆದಿದೆ, ಟಪಾಲು ಶಾಖೆಯಿಂದ ಭೂಮಿ ಶಾಖೆಗೆ, ಅಲ್ಲಿಂದ ದಾಖಲೆ ಕೊಠಡಿಗೆ, ಪುನಃ ಟಪಾಲಿಗೆ. ಪಕ್ಕದಲ್ಲಿ ಕುಳಿತಿದ್ದ ರೈತರೊಬ್ಬರು, ಇಷ್ಟೆಲ್ಲ ಅಲೆಯುವ ಬದಲು ಮೊಕದ್ದಮೆ ಹೂಡಿ ಎಂದು ಸಲಹೆ ಕೊಟ್ಟರು. ಅರಬ್ಬಿಯ ‘ಮುಕದ್ದಮಾ’ ಎಂದರೆ ಮುನ್ನುಡಿ. ಹದಿನಾಲ್ಕನೆಯ ಶತಮಾನದ ಇಬ್ನ್ ಖಾಲ್ದೂನನೆಂಬ ಮಹಾ ಇತಿಹಾಸಕಾರನು ತನ್ನ ಗ್ರಂಥಕ್ಕೆ ಬರೆದ ಪೀಠಿಕೆ ಆ ಹೆಸರಿನಿಂದಲೇ ಲೋಕಪ್ರಸಿದ್ಧವಾಗಿದೆ. ಮುನ್ನುಡಿಯಿಂದಲೇ ಇಡೀ ವ್ಯಾಜ್ಯಕ್ಕೆ ಹೆಸರು ಬಂದುದನ್ನು ನೋಡಿದರೆ ಅದರ ಮುಕ್ತಾಯವನ್ನು ಕಂಡವರು ವಿರಳವೆಂದು ಊಹಿಸಬೇಕಾಗುತ್ತದೆ. ನನ್ನ ವಯಸ್ಸಿನವರು ಹೊಸ ಮುನ್ನುಡಿಗಳನ್ನು ಬರೆಯಬಾರದು.

ಅವರೇ ಇನ್ನೊಂದು ಸಲಹೆಯನ್ನೂ ತಗ್ಗಿದ ದನಿಯಲ್ಲಿ ಕೊಟ್ಟರು: ‘ಮಾಮೂಲು ಕೊಟ್ಟಿಲ್ವಾ?’ ಈ ‘ಮಾಮೂಲು’ ಎಂಬುದು ಹಿಂದೆ ಹೇಳಿದ ‘ಅಮಲ್’ನ ಹೊಟ್ಟೆಯಲ್ಲೇ ಹುಟ್ಟಿದ ಕೂಸು. ರೂಢಿಯಲ್ಲಿ ನಡೆದುಬಂದುದು, ಆಚರಿಸಲ್ಪಟ್ಟುದು ಎಂಬುದು ಅದರ ನಿರ್ದೋಷವಾದ ಅರ್ಥ. ‘ಎಂದಿನಂತೆ’ ಎನ್ನುವುದಕ್ಕೆ ಕನ್ನಡಿಗರು ಈಗಲೂ ‘ಮಾಮೂಲಿ’ ಎನ್ನುತ್ತಾರೆ. ಸುಲಿಗೆಗೆ ಸುಲಿಗೆಯೆಂದೂ ಲಂಚಕ್ಕೆ ಲಂಚವೆಂದೂ ಕರೆಯಲು ನಮ್ಮಲ್ಲಿ ಮಾತಿಗೆ ಬಡತನವಿರಲಿಲ್ಲ. ಆದರೂ ಕೊಡುವವನು ಪಡೆಯುವವನು ಇಬ್ಬರೂ ಕೂಡಿ ಅದಕ್ಕೆ ‘ವಾಡಿಕೆ’ ಎಂದು ಹೆಸರಿಟ್ಟರು. ಇಡೀ ಕನ್ನಡ ನಿಘಂಟಿನಲ್ಲಿ ನನಗೆ ಅತ್ಯಂತ ದುಃಖವನ್ನುಂಟುಮಾಡುವ ಅರ್ಥಾಂತರ ಇದು. ನಾನು ಕೊಡಲಿಲ್ಲ, ನಿಮ್ಮವರು ಕೇಳಲೂ ಇಲ್ಲ, ಅದನ್ನು ಇಲ್ಲಿ ದಾಖಲಿಸುವುದು ಧರ್ಮ.

ಆ ಸಲಹೆಯನ್ನಿತ್ತ ‘ರೈತ’ರ ಹೆಸರಿನ ಮೂಲವನ್ನು ಅವರಿಗೆ ಹೇಳಲು ಅಂದು ನನಗೆ ಬಾಯಿ ಬರಲಿಲ್ಲ. ಅರಬ್ಬಿಯ ‘ರಈಯತ್’ ಎಂದರೆ ಮೇಯುವ ಮಂದೆ. ದೊರೆಯು ಕುರುಬ, ಪ್ರಜೆ ಅವನ ಕಾಪಿನಲ್ಲಿರುವ ಹಿಂಡು ಎಂಬ ಭಾವನೆಯಿಂದ ಅದು ಪ್ರಜೆಗೂ, ನಮ್ಮ ದೇಶದಲ್ಲಿ ಪ್ರಜೆಗಳಲ್ಲಿ ಬಹುಪಾಲಿನವರಾದ ಬೇಸಾಯಗಾರರಿಗೂ ಸಂದಿತು. ಈ ಶಬ್ದದಲ್ಲಿ ಅವಮಾನವೊಂದು ಇರುವುದನ್ನು ನಾನು ಅಲ್ಲಗಳೆಯಲಾರೆ. ಆದರೆ ಮಂದೆಯೆಂಬುದರ ಜೊತೆಗೆ ಕಾಯುವವನೂ ಅಲ್ಲಿದ್ದಾನೆ; ತೋಳ ಹಿಡಿದ ಕುರಿಗೆ ಲೆಕ್ಕ ಕೊಡಬೇಕಾದವನು ಕುರಿಯಲ್ಲ. ಕನ್ನಡದ ಬೇಸಾಯಗಾರನು ಆ ಹೆಸರನ್ನೇ ಎತ್ತಿಕೊಂಡು, ಹೆಗಲಿಗೆ ಹಸುರು ಶಾಲನ್ನು ಹೊದ್ದು, ಸಂಘ ಕಟ್ಟಿ ನಿಮ್ಮ ಕಚೇರಿಯ ಮುಂದೆಯೇ ಘೋಷಣೆ ಕೂಗಿ ಅದಕ್ಕೆ ಮೂಲದಲ್ಲಿಲ್ಲದ ಗೌರವವನ್ನು ತಂದುಕೊಟ್ಟನು.

ಇಷ್ಟೊಂದು ಅರಬ್ಬಿ ಪಾರಸಿಗಳು ಏತಕ್ಕೆ, ಇವನ್ನೆಲ್ಲ ಕಿತ್ತೊಗೆದು ಶುದ್ಧ ಕನ್ನಡದ ಹಲಗೆಗಳನ್ನು ತೂಗುಹಾಕಬಾರದೆ ಎಂದು ನಿಮ್ಮಲ್ಲಿ ತರುಣರಾದವರು ಕೇಳಬಹುದು. ನಾನೂ ಒಂದು ಕಾಲದಲ್ಲಿ ಕೇಳಿದವನೇ. ಬಿಜಾಪುರದ ಆದಿಲಶಾಹಿಗಳ ಲೆಕ್ಕಿಗರು, 1638ರ ಹೊತ್ತಿಗೆ ಬೆಂಗಳೂರಿಗೆ ಬಂದಿಳಿದ ಷಹಾಜಿಯ ಮರಾಠಿ ಕಾರಕೂನರು, ಆಮೇಲೆ ಹೈದರ್ ಮತ್ತು ಟಿಪ್ಪುವಿನ ಆಡಳಿತ, 1799ರ ಅನಂತರ ಹಳೆಯದನ್ನೇ ನಡೆಸಿಕೊಂಡು ಹೋದ ದಿವಾನ್ ಪೂರ್ಣಯ್ಯನವರು, 1831ರಿಂದ ಅರ್ಧ ಶತಮಾನ ಆಳಿದ ಆಂಗ್ಲ ಕಮಿಷನರುಗಳು, ಇವರೆಲ್ಲರೂ ಒಬ್ಬರ ಮೇಲೊಬ್ಬರು ಪದರ ಪದರವಾಗಿ ಕುಳಿತುಹೋಗಿದ್ದಾರೆ. ನೀವು ದಿನಕ್ಕೆ ನೂರು ಸಲ ಹೇಳುವ ‘ಪಹಣಿ’ ಮರಾಠಿಯ ನೋಟ, ಹೊಲವನ್ನು ಕಣ್ಣಾರೆ ಕಂಡು ಬರೆದದ್ದು. ‘ತರಿ’ ಪಾರಸಿಯ ಒದ್ದೆ. ‘ಖುಷ್ಕಿ’ ಪಾರಸಿಯ ಒಣದು. ಇವುಗಳ ಕೆಳಗೆ ಅಗೆದರೆ ಕನ್ನಡದ ಹಳೆಯ ಅಧಿಕಾರನಾಮಗಳು ಸಿಕ್ಕೇ ಸಿಕ್ಕುತ್ತವೆ. ಶಾಸನಗಳ ಕೊನೆಯಲ್ಲಿ ತಾನು ಬರೆದೆನೆಂದು ಹೇಳಿಕೊಳ್ಳುವ ‘ಸೇನಬೋವ’ನೇ ಶಾನುಭೋಗ, ‘ಗಾವುಂಡ’ನೇ ಗೌಡ, ‘ಪೆರ್ಗಡೆ’ಯು, ಪಾಲು ಹಾಲಾದ ಹಾಗೂ ಪೂವು ಹೂವಾದ ಅದೇ ಗಾಳಿಗೆ ಸಿಕ್ಕಿ, ಹೆಗ್ಗಡೆಯಾಗಿ ಹೆಗಡೆಯಾಯಿತು, ಸಂಸ್ಕೃತದ ‘ಶ್ರೇಷ್ಠಿ’ ಪ್ರಾಕೃತದ ಮೂಲಕ ಸೆಟ್ಟಿಯಾಯಿತು.

ವಿಚಿತ್ರವೆಂದರೆ ಕೆಲಸ ಹೋದರೂ ಹೆಸರು ಹೋಗುವುದಿಲ್ಲ. ವಂಶಪಾರಂಪರ್ಯವಾಗಿ ಬಂದ ಗ್ರಾಮಾಧಿಕಾರಗಳನ್ನು ಅಂದಿನ ಮೈಸೂರು ರಾಜ್ಯ 1961ರ ಕಾಯಿದೆಯಿಂದ ರದ್ದುಮಾಡಿತು. ಆದರೆ ಶಾನುಭೋಗ, ಪಟೇಲ, ಕುಲಕರ್ಣಿ, ನಾಡಗೌಡ, ದೇಸಾಯಿಗಳು ನಮ್ಮ ಶಾಲೆಯ ಹಾಜರಿ ಪುಸ್ತಕದಲ್ಲಿ ಪ್ರತಿವರ್ಷವೂ ಹೊಸದಾಗಿ ದಾಖಲಾಗುತ್ತಲೇ ಇದ್ದರು. ‘ಸರದೇಸಾಯಿ’ ಎಂಬ ಹುಡುಗನೊಬ್ಬ ನನ್ನ ತರಗತಿಯಲ್ಲಿದ್ದನು. ಪಾರಸಿಯ ತಲೆಯನ್ನು ಈ ದೇಶದ ಮೈಗೆ ಕೂಡಿಸಿಕೊಂಡ ಅವನ ಅಡ್ಡಹೆಸರೇ ದಖ್ಖನಿನ ಮುನ್ನೂರು ವರ್ಷಗಳ ಚರಿತ್ರೆ. ಇದರಲ್ಲಿ ಯಾವುದನ್ನು ಕಿತ್ತು ಯಾವುದನ್ನು ಉಳಿಸುವುದು? ಹಲಗೆಗಳನ್ನು ಹಾಗೆಯೇ ಬಿಡಿ. ಓದಿ ಎಂದಷ್ಟೇ ನನ್ನ ಬಿನ್ನಹ.

ಕೊನೆಯದಾಗಿ ಭೂಮಿಯ ವಿಷಯ. ಕಾಗದವೇ ಇಲ್ಲದ ಕಾಲದಲ್ಲಿ ಒಬ್ಬನ ನೆಲ ಇನ್ನೊಬ್ಬನದಾಗುತ್ತಿದ್ದುದು ನೀರಿನಿಂದ. ದಾನ ಕೊಡುವವನು ಪಡೆಯುವವನ ಪಾದವನ್ನು ತೊಳೆದು, ಕೈಯಲ್ಲಿ ನೀರೆರೆದು, ಸಾಕ್ಷಿಗಳೆದುರಿಗೆ ಭೂಮಿಯನ್ನು ಒಪ್ಪಿಸುತ್ತಿದ್ದನು. ನೂರಾರು ದಾನಶಾಸನಗಳಲ್ಲಿ ಬರುವ ‘ಧಾರಾಪೂರ್ವಕ’ವೆಂಬ ಮಾತು ಅದನ್ನೇ ಹೇಳುತ್ತದೆ. ಅಂದಿನ ನೋಂದಣಿ ಅದು. ಮಗಳನ್ನು ಧಾರೆಯೆರೆದು ಕೊಡುವ ಮದುವೆಯ ಮನೆಯಲ್ಲಿ ಆ ಪದ್ಧತಿ ಉಳಿದುಬಂದಿದೆ. ಪ್ರಾಣವನ್ನು ಧಾರೆಯೆರೆದನು ಎನ್ನುವ ನುಡಿಗಟ್ಟಿನಲ್ಲಿ ನೀರು ಆರಿದ್ದರೂ ಬಿಂದಿಗೆಯ ನೆನಪಿದೆ. ಇನ್ನೊಂದು ನೀರೂ ಉಂಟು, ಗತಿಸಿದ ಹಿರಿಯರಿಗೆ ಎಳ್ಳಿನೊಡನೆ ಬಿಡತಕ್ಕದ್ದು; ಆಸೆ ತೊರೆದ ವಸ್ತುವಿಗೆ ಎಳ್ಳುನೀರು ಬಿಟ್ಟೆನೆಂದು ನಾವು ಹೇಳುವುದು ಅದರಿಂದ. ವಿಜಯನಗರದ ತಾಮ್ರಶಾಸನಗಳಲ್ಲಿ ಭೂಮಿಯೊಡನೆ ಕೊಡುತ್ತಿದ್ದ ಅಷ್ಟಭೋಗಗಳು, ಅಂದರೆ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯಗಳು, ಇಂದಿಗೂ ನಮ್ಮ ಕ್ರಯಪತ್ರಗಳಲ್ಲಿ ಹೆಚ್ಚುಕಡಿಮೆ ಅದೇ ಮಾತುಗಳಲ್ಲಿ ಅಚ್ಚಾಗುತ್ತವೆ. ಬರೆಸುವವನಿಗೂ ಬರೆಯುವವನಿಗೂ ಅವುಗಳ ಅರ್ಥ ಬಾರದು. ಬಿಟ್ಟರೆ ಮಾತ್ರ ಇಬ್ಬರಿಗೂ ಭಯ. ನನ್ನ ತಂದೆಯವರ ಎರಡೆಕರೆಯ ಕ್ರಯಪತ್ರದಲ್ಲಿಯೂ ಅವು ಇವೆ. ಆ ನೆಲದಲ್ಲಿ ಜಲವಿಲ್ಲ, ನಿಧಿಯಂತೂ ಇಲ್ಲ, ಪಾಷಾಣ ಸಾಕಷ್ಟಿದೆ.

ಆ ಪಹಣಿಗೆ ನಾನಿನ್ನೂ ಎಳ್ಳುನೀರು ಬಿಟ್ಟಿಲ್ಲ. ಬರುವ ಸೋಮವಾರ ಹನ್ನೆರಡನೆಯ ಸಲ ಬರುತ್ತೇನೆ. ಅರ್ಜಿಯ ಸ್ವೀಕೃತಿ ಚೀಟಿ ನನ್ನ ಬಳಿ ಇದೆ. ಎಳೆಯ ತುದಿ ಯಾರ ಕೈಯಲ್ಲಿದೆಯೋ ಅವರು ದಯಮಾಡಿ ಅಂದು ರಜೆ ಹಾಕದಿರಬೇಕೆಂದು ಕೇಳಿಕೊಳ್ಳುತ್ತೇನೆ. ಬೆಂಚಿನ ಕಾಲನ್ನು ಸರಿಪಡಿಸುವುದಾದರೆ ನಮ್ಮ ಶಾಲೆಯನ್ನು ಕಟ್ಟಿದ ಮೇಸ್ತ್ರಿ ಈಗಲೂ ಗಟ್ಟಿಮುಟ್ಟಾಗಿದ್ದಾನೆ, ಪರಿಚಯದ ಬಡಗಿಯೊಬ್ಬನನ್ನು ಕರೆತರುವುದಾಗಿ ಒಪ್ಪಿಕೊಂಡಿದ್ದಾನೆ.

ಇಂತು ನಿಮ್ಮ ವಿಶ್ವಾಸಿ,
ಪಡಸಾಲೆಯ ಬೆಂಚಿನ ಮೇಲಿನ ಮೇಷ್ಟ್ರು